ಅಶೋಕಪುರಂ, ಮೈಸೂರು – 8

ಮೈಸೂರಿನ ಬಗ್ಗೆ ಬರೆಯುವವರೆಲ್ಲ ಅರಮನೆಯಿಂದ ಶುರು ಮಾಡುವುದು ವಾಡಿಕೆ. ನನಗೇನೂ ಅರಮನೆಯ ಮೇಲೆ ಸಿಟ್ಟಿಲ್ಲ. ದಸರೆಯ ದೀಪ ಹತ್ತಿದ ರಾತ್ರಿ ನಮ್ಮ ಬೀದಿಯ ತುದಿಗೆ ಬಂದು ನಿಂತರೆ ಆ ಕಡೆಯ ಆಕಾಶ ಅರಿಸಿನದ ನೀರು ಚೆಲ್ಲಿದ ಹಾಗೆ ಕಾಣುತ್ತಿತ್ತು. ಅದನ್ನು ನೋಡುತ್ತ ನಿಂತ ಮಕ್ಕಳಲ್ಲಿ ನಾನೂ ಒಬ್ಬಳು. ಆದರೆ ಈ ಊರು ಬೆಳೆದದ್ದನ್ನು ನಾನು ಕಂಡದ್ದು ಅರಮನೆಯ ಕಡೆಯಿಂದಲ್ಲ, ಬೀದಿ ನಲ್ಲಿಯ ಕಟ್ಟೆಯಿಂದ. ಕೊಡ ತುಂಬುವವರೆಗೆ ಕಾಯುತ್ತ ಕೂತವರಿಗೆ ಊರು ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಅವರಿಗೆ ನೋಡುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ.

ಅಶೋಕಪುರಂ ಮೈಸೂರಿನ ದಕ್ಷಿಣಕ್ಕಿದೆ. ಹಳಬರ ಬಾಯಲ್ಲಿ ಇದು ಆದಿಕರ್ನಾಟಕಪುರ. ಆ ಹೆಸರೇ ಇಲ್ಲಿನ ಜನ ಯಾರು ಎಂಬುದನ್ನು ಹೇಳಿಬಿಡುತ್ತದೆ. ನಾನು ಬಿಡಿಸಿ ಹೇಳಬೇಕಿಲ್ಲ. ಒಂದು ಕಡೆ ರೈಲ್ವೆ ವರ್ಕ್‌ಶಾಪು, ಇನ್ನೊಂದು ಕಡೆ ಮಾನಂದವಾಡಿ ರಸ್ತೆಯಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ, ಅದರ ಆಸುಪಾಸಿನಲ್ಲೇ ಗಂಧದೆಣ್ಣೆಯ ಕಾರ್ಖಾನೆ. ರೇಷ್ಮೆಯದು 1912ರಲ್ಲಿ, ಗಂಧದೆಣ್ಣೆಯದು 1917ರಲ್ಲಿ, ವರ್ಕ್‌ಶಾಪು 1924ರಲ್ಲಿ ಆರಂಭವಾದವು. ಮೂರೂ ಮಹಾರಾಜರ ಕಾಲದವು. ಹೀಗಾಗಿ ನಮ್ಮ ಬಾಲ್ಯಕ್ಕೆ ಒಂದು ಸದ್ದು ಮತ್ತು ಒಂದು ವಾಸನೆ ಖಾಯಂ ಆಗಿದ್ದವು. ಸದ್ದು ವರ್ಕ್‌ಶಾಪಿನ ಕೂಗಿನದು. ಗಡಿಯಾರ ಇಲ್ಲದ ಮನೆಗಳಲ್ಲಿ ಮುದ್ದೆಗೆ ಎಸರಿಡುವುದು, ಮಕ್ಕಳನ್ನು ಶಾಲೆಗೆ ಅಟ್ಟುವುದು ಎಲ್ಲ ಆ ಕೂಗಿನ ಲೆಕ್ಕದಲ್ಲೇ. ವಾಸನೆ ಗಂಧದ್ದು. ಗಾಳಿ ತಿರುಗಿದ ದಿನ, ಹಿತ್ತಿಲಿನ ಕೊಟ್ಟಿಗೆಯ ವಾಸನೆಯ ಮೇಲೆ ಗಂಧದ ಪರಿಮಳ ಬಂದು ಕೂರುತ್ತಿತ್ತು. ಶ್ರೀಮಂತರ ಪೆಟ್ಟಿಗೆಯೊಳಗೆ ಇರಬೇಕಾದ ಪರಿಮಳ ನಮಗೆ ಬಿಟ್ಟಿ ಸಿಗುತ್ತಿತ್ತು. ಬಿಟ್ಟಿ ಸಿಗದೆ ಇದ್ದದ್ದು ರೇಷ್ಮೆ. ನಮ್ಮ ಬೀದಿಯ ಎಷ್ಟೋ ಹೆಂಗಸರು ಆ ಕಾರ್ಖಾನೆಯ ಗೇಟಿನ ಮುಂದೆ ವರ್ಷಗಟ್ಟಲೆ ಓಡಾಡಿದರೂ ಅಲ್ಲಿನ ಸೀರೆ ಉಡಲಿಲ್ಲ.

ನನ್ನ ಅಪ್ಪ ವರ್ಕ್‌ಶಾಪಿಗೆ ಖಲಾಸಿಯಾಗಿ ಸೇರಿದ್ದು 1943ರಲ್ಲಿ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಯುದ್ಧ ನಮ್ಮ ಬೀದಿಯವರೆಗೆ ಬಾಂಬಿನ ರೂಪದಲ್ಲಿ ಬರಲಿಲ್ಲ, ಕೆಲಸದ ರೂಪದಲ್ಲೂ ರೇಷನ್ನಿನ ರೂಪದಲ್ಲೂ ಬಂತು. ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಜೀತಕ್ಕಿದ್ದ ಹುಡುಗ ರೈಲು ಹಳಿ ಹಿಡಿದು ನಡೆದು ಬಂದು, ಸಂಬಳದ ಕೆಲಸಕ್ಕೆ ಹೆಬ್ಬೆಟ್ಟು ಒತ್ತಿದ. ಆಮೇಲೆ ರಾತ್ರಿ ಶಾಲೆಗೆ ಹೋಗಿ ರುಜು ಕಲಿತ. ಅವನಂಥವರು ಬಹಳ ಮಂದಿ ಬಂದಿರಬೇಕು. ಜನಗಣತಿ ತೆಗೆದು ನೋಡಿ: 1941ರಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ, 1951ಕ್ಕೆ ಅದು 2 ಲಕ್ಷ 44 ಸಾವಿರ. ಯುದ್ಧ ಮತ್ತು ಸ್ವಾತಂತ್ರ್ಯ ಎರಡನ್ನೂ ಕಂಡ ಆ ಹತ್ತು ವರ್ಷದಲ್ಲಿ ಊರು ಒಂದೂವರೆ ಪಾಲಿಗಿಂತ ಹೆಚ್ಚಾಯಿತು. 

ಅದರ ಮುಂದಿನ ಹತ್ತು ವರ್ಷ ಮಾತ್ರ ವಿಚಿತ್ರ. 1961ರ ಲೆಕ್ಕದಲ್ಲಿ ಮೈಸೂರು 2 ಲಕ್ಷ 54 ಸಾವಿರ. ಹತ್ತು ವರ್ಷಕ್ಕೆ ಬರಿಯ ಹತ್ತು ಸಾವಿರ! ಹಾಗಾದರೆ ಹಳ್ಳಿ ಬಿಟ್ಟ ಜನ ಎಲ್ಲಿ ಹೋದರು? ಬೆಂಗಳೂರಿಗೆ ಎಂದೇ ನನ್ನ ಊಹೆ. ವಿಮಾನ ಕಾರ್ಖಾನೆ ಅಲ್ಲಿ 1940ರಲ್ಲೇ ಶುರುವಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಒಂದರ ಹಿಂದೆ ಒಂದು ಬಂದವು. ನಮ್ಮ ಬೀದಿಯಲ್ಲೇ ಇಬ್ಬರು ಟರ್ನರುಗಳು ಟ್ರಂಕು ಕಟ್ಟಿದ್ದು ನನಗೆ ಅವ್ವ ಹೇಳಿ ಗೊತ್ತು. ಮೈಸೂರಿಗೆ ಆ ಹೊತ್ತಿಗೆ ಬಂದದ್ದು ಕಾರ್ಖಾನೆಗಳಿಗಿಂತ ಹೆಚ್ಚಾಗಿ ಓದಿನ ಮನೆಗಳು. 1950ರಲ್ಲಿ ಆಹಾರ ಸಂಶೋಧನಾಲಯ, 1960ರಲ್ಲಿ ಮಾನಸಗಂಗೋತ್ರಿ, 1965ರಲ್ಲಿ ವಾಕ್ ಶ್ರವಣ ಸಂಸ್ಥೆ. ಕಾರ್ಖಾನೆ ಎಂದರೆ ಯಾದವಗಿರಿಯ ಐಡಿಯಲ್ ಜಾವಾ. 1961ರಿಂದ ಅಲ್ಲಿ ಮೋಟಾರ್ ಸೈಕಲ್ ತಯಾರಾಗತೊಡಗಿತು. ‘ಪೆನ್ಷನ್ನಿನವರ ಊರು’ ಎಂದು ಮೈಸೂರಿಗೆ ಬಂದ ಹೆಸರಿನಲ್ಲಿ ಸ್ವಲ್ಪ ಸತ್ಯ ಇತ್ತು. ನಮ್ಮ ಬೀದಿಯಲ್ಲಿ ಆಗ ಪೆನ್ಷನ್ ಪಡೆಯುತ್ತಿದ್ದವರು ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು.

ನಾನು ಹುಟ್ಟಿದ್ದು 1954ರಲ್ಲಿ. ಎರಡು ಅಂಕಣದ ಮನೆ, ಮಣ್ಣಿನ ಗೋಡೆ, ನಾಡಹೆಂಚು. ಬೀದಿಗೆ ಒಂದು ನಲ್ಲಿ. ನೀರು ಬರುವ ಹೊತ್ತಿಗೆ ಮೊದಲೇ ಕೊಡಗಳ ಸಾಲು ನಿಲ್ಲುತ್ತಿತ್ತು. ಕೊಡ ಇಲ್ಲದವರು ಒಂದು ಕಲ್ಲು ಇಟ್ಟು ಹೋಗುತ್ತಿದ್ದರು. ಆ ಕಲ್ಲಿಗೂ ಕೊಡದಷ್ಟೇ ಮರ್ಯಾದೆ. ಜಗಳವಾಗುತ್ತಿರಲಿಲ್ಲವೇ ಎಂದರೆ ಆಗುತ್ತಿತ್ತು, ದಿನಾ ಆಗುತ್ತಿತ್ತು. ಆದರೆ ನಮ್ಮ ಅಜ್ಜಿ ಆ ನಲ್ಲಿಯ ಬಗ್ಗೆ ಒಂದು ದಿನವೂ ಬೇಸರದ ಮಾತಾಡಲಿಲ್ಲ. ಹಳ್ಳಿಯಲ್ಲಿ ಅವಳು ಬಾವಿಯ ದೂರದಲ್ಲಿ ಕೊಡ ಇಟ್ಟು, ಮೇಲುಜಾತಿಯವರು ಯಾರಾದರೂ ಬಂದು ಸೇದಿ ಎತ್ತರದಿಂದ ಹೊಯ್ಯಲಿ ಎಂದು ಗಂಟೆಗಟ್ಟಲೆ ಕಾದವಳು. ‘ಇದಾದ್ರೆ ತಿರುಗಿಸಿದ್ರೆ ಬತ್ತದೆ ಕಣವ್ವ, ಯಾರ್ ನೀನು ಅನ್ನಲ್ಲ’ ಎನ್ನುತ್ತಿದ್ದಳು. ನನಗೆ ಬೆನ್ನು ನೋಯಿಸುವ ಕೆಲಸವಾಗಿದ್ದದ್ದು ಅವಳಿಗೆ ಪಟ್ಟಣಕ್ಕೆ ಬಂದದ್ದರ ಮುಖ್ಯ ಲಾಭ. 

ಅವ್ವ ಊದಿನಕಡ್ಡಿ ಹೊಸೆಯುತ್ತಿದ್ದಳು. ಮೈಸೂರಿನ ಊದಿನಕಡ್ಡಿ ದೇಶವಿದೇಶಕ್ಕೆ ಹೋಗುತ್ತದೆಂದು ಪಠ್ಯಪುಸ್ತಕದಲ್ಲಿ ಓದುವಾಗ ಅದು ನಮ್ಮ ಜಗಲಿಯಿಂದ ಹೋಗುವುದು ಎಂದು ನನಗೆ ಹೆಮ್ಮೆ. ಇದ್ದಿಲ ಪುಡಿಗೆ ಜಿಗಟು ಪುಡಿ ಬೆರೆಸಿ, ನೀರು ಹಾಕಿ ಕಲಸಿ, ಬಿದಿರು ಕಡ್ಡಿಯ ಮೇಲೆ ಮಣೆಯಲ್ಲಿ ಅಂಗೈಯಿಂದ ಒಂದೇ ಎಳೆತಕ್ಕೆ ಹೊಸೆಯಬೇಕು. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಅವ್ವನ ಅಂಗೈ ರೇಖೆಗಳಲ್ಲಿ ಕಪ್ಪು ಹೋಗಿದ್ದು ನಾನು ನೋಡಿಲ್ಲ. ಜ್ಯೋತಿಷಿಗೆ ಕೈ ತೋರಿಸಿದರೆ ಸುಲಭವಾಗಿ ಓದಬಹುದಿತ್ತು ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ನನ್ನ ಫೀಸು, ತಮ್ಮನ ಫೀಸು, ಆಮೇಲೆ ಮನೆಗೆ ಹಾಕಿದ ಮಂಗಳೂರು ಹೆಂಚು, ಎಲ್ಲ ಆ ಕಪ್ಪು ಕೈಯಿಂದಲೇ ಬಂದದ್ದು. ಅಪ್ಪನ ಸಂಬಳ ಊಟಕ್ಕೆ, ಹಬ್ಬಕ್ಕೆ, ಊರಿನ ಸಾಲಕ್ಕೆ ಸರಿಹೋಗುತ್ತಿತ್ತು.

ಆ ದಿನಗಳಲ್ಲಿ ಅಮೆರಿಕ ನಮಗೆ ಪರಿಚಯವಾಗಿದ್ದು ಶಾಲೆಯ ಉಪ್ಪಿಟ್ಟಿನಿಂದ. 1960ರ ದಶಕದಲ್ಲಿ ಓದಿದ ಯಾರನ್ನಾದರೂ ಕೇಳಿ, ‘ಕೇರ್’ ಉಪ್ಪಿಟ್ಟು ಅಂದ ಕೂಡಲೇ ಅವರ ಮುಖ ಅರಳುತ್ತದೆ. ಗೋಧಿ, ಹಾಲಿನ ಪುಡಿ, ಎಣ್ಣೆಯ ಡಬ್ಬ, ಎಲ್ಲದರ ಮೇಲೂ ಅಮೆರಿಕದ ಗುರುತು. 1965–66ರ ಬರಗಾಲದ ಹೊತ್ತಿಗೆ ರೇಷನ್ ಅಂಗಡಿಯಲ್ಲೂ ಅಲ್ಲಿಂದ ಬಂದ ಗೋಧಿಯೇ. ರಾಗಿ ತಿಂದು ಬೆಳೆದ ನಮ್ಮ ಅಜ್ಜಿ ಆ ಗೋಧಿಯ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೊರಟು, ಅದು ಅಂಟಿಕೊಂಡು ಕೈ ಬಿಡಿಸಲಾಗದೆ ಒದ್ದಾಡಿ, ಆ ದೇಶದವರು ಬದುಕುವುದಾದರೂ ಹೇಗೆ ಎಂದು ಕನಿಕರಪಟ್ಟಳು. 

ಮನೆಗೆ ವಿದ್ಯುತ್ ಬಂದದ್ದು 1968ರಲ್ಲಿ. ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ. ಮೊದಲು ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಗಣಿಯಿಂದ ನಮ್ಮ ನಡುಮನೆಗೆ ಬರಲು 66 ವರ್ಷ ಹಿಡಿಯಿತು ಎಂದು ನಾನು ವಿಜ್ಞಾನದ ಪಾಠ ಮಾಡುವಾಗ ಮಕ್ಕಳಿಗೆ ಹೇಳುತ್ತಿದ್ದೆ. ಒಂದೇ ಬಲ್ಬು. ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ಕಿಂಡಿ ಕೊರೆದು ಬಲ್ಬನ್ನು ಅಲ್ಲಿ ಕೂರಿಸಿದ್ದ ಅಪ್ಪ. ಒಂದು ಬೆಳಕಿನಲ್ಲಿ ಆ ಕಡೆ ಸಾರು ಕುದಿಯುತ್ತಿತ್ತು, ಈ ಕಡೆ ನಾನು ಓದುತ್ತಿದ್ದೆ. ರೈಲ್ವೆಯವನ ಬುದ್ಧಿ! ಸೌದೆಯಿಂದ ಸೀಮೆಎಣ್ಣೆ ಸ್ಟವ್ವಿಗೆ ಬಂದದ್ದು, ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದದ್ದು, ಒರಳುಕಲ್ಲು ಹಿತ್ತಿಲು ಸೇರಿದ್ದು, 1987ರಲ್ಲಿ ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದ ಒಂದೇ ಮನೆಯ ಕಿಟಕಿಗೆ ಬೀದಿಯೆಲ್ಲ ಜೋತುಬಿದ್ದು ರಾಮಾಯಣ ನೋಡಿದ್ದು, ಇವೆಲ್ಲ ಎಲ್ಲರ ಮನೆಯ ಕತೆಯೇ. ಓದುಗರು ತಮ್ಮ ತಮ್ಮ ಅಮ್ಮಂದಿರನ್ನು ಕೇಳಿಕೊಳ್ಳಬಹುದು.

ನಾನು ಹೇಳಬೇಕೆಂದಿರುವುದು ವಿಳಾಸದ ಬಗ್ಗೆ.

ಮೈಸೂರು ಬಡಾವಣೆಗಳ ಊರು. 19ನೇ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಕೋಟೆಯ ಸುತ್ತಲಿನ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತ ಮೇಲೆ, 1903ರಲ್ಲಿ ಇಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿ ಹುಟ್ಟಿತು. ಇಡೀ ದೇಶದಲ್ಲೇ ಅಂಥ ಮೊದಮೊದಲ ಮಂಡಲಿಗಳಲ್ಲಿ ಅದೂ ಒಂದು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ನಡುವೆ ಪಾರ್ಕು. ಮೈಸೂರಿಗೆ ಚಂದದ ಊರು ಎಂದು ಹೆಸರು ಬಂದದ್ದು ಆ ಲೆಕ್ಕಾಚಾರದಿಂದ. ಯುದ್ಧದ ನಂತರ ಸರಸ್ವತಿಪುರಂ ತುಂಬಿತು. 1970ರ ದಶಕದ ಹೊತ್ತಿಗೆ ನಮ್ಮ ಪಕ್ಕದಲ್ಲೇ, ನಾನು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೊಲಗಳ ಮೇಲೆ, ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟರು. ನೋಡನೋಡುತ್ತಲೇ ಕುವೆಂಪುನಗರ ಎದ್ದಿತು. ನಂಜನಗೂಡು ರಸ್ತೆಯ ಬದಿಯ ಎಲೆತೋಟಗಳು ತೆಳುವಾಗುತ್ತ ಬಂದವು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಎಂದು ಹೆಸರು ಊರಿನದು, ಎಲೆ ಬೆಳೆಯುವ ನೆಲ ಮಾತ್ರ ಊರಿಗೇ ಬೇಕಾಯಿತು. ಹೊಸ ಬಡಾವಣೆಗಳ ಮನೆ ಕಟ್ಟಲು ಇಟ್ಟಿಗೆ ಹೊತ್ತವರು, ಗಾರೆ ಕಲಸಿದವರು, ಬಣ್ಣ ಬಳಿದವರು ಬಹಳ ಮಂದಿ ನಮ್ಮವರೇ. ನನ್ನ ಚಿಕ್ಕಪ್ಪನೊಬ್ಬ ಗಾರೆಯವನು. ಯಾವ ಮನೆಯ ಮುಂದೆ ನಡೆದರೂ ‘ಇದರ ತಾರಸಿ ನಂದು’ ಎನ್ನುತ್ತಿದ್ದ.

1972ರಲ್ಲಿ ಪಿನ್ ಕೋಡ್ ಬಂತು. ಅಲ್ಲಿಯವರೆಗೆ ಕಾಗದದ ಮೇಲೆ ಅಪ್ಪನ ಹೆಸರು, ‘ವರ್ಕ್‌ಶಾಪ್ ಖಲಾಸಿ’ ಎಂದಿದ್ದರೆ ಸಾಕಿತ್ತು. ನಾನು ಆಗ ಮಹಾರಾಣಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದ್ದೆ, ನಮ್ಮ ಬೀದಿಯಿಂದ ಹಾಗೆ ಹೋದ ಮೊದಲ ಹುಡುಗಿ. ಅರ್ಜಿಗಳಲ್ಲಿ ‘ಅಶೋಕಪುರಂ, ಮೈಸೂರು – 8’ ಎಂದು ಠಾಕುಠೀಕಾಗಿ ಬರೆಯುವುದು ನನಗೆ ಇಷ್ಟ. ಎಂಟು ನಂಬರಿನಲ್ಲಿ ಬೇರೆ ಬಡಾವಣೆಗಳೂ ಸೇರಿದ್ದವು. ಅಂಚೆ ಇಲಾಖೆಗೆ ಎಲ್ಲರೂ ಒಂದೇ. ನಂಬರಿಗಿಂತ ಮುಂಚೆ ಬರುವ ಹೆಸರಿಗೆ ಎಷ್ಟು ತೂಕ ಎಂಬುದು ಮರುವರ್ಷ ತಿಳಿಯಿತು. 1973ರ ನವೆಂಬರ್ ತಿಂಗಳು. ಒಂದನೇ ತಾರೀಖು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿತ್ತು. ಅದೇ ತಿಂಗಳಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರೆಂದು ದೊಡ್ಡ ಗಲಾಟೆ ಎದ್ದಿತು. ರಾಜ್ಯದ ಎಷ್ಟೋ ಊರುಗಳಲ್ಲಿ ದಲಿತ ವಿದ್ಯಾರ್ಥಿಗಳಿಗೆ ಪೆಟ್ಟು ಬಿತ್ತು, ಮಂತ್ರಿಗಳು ಸ್ಥಾನ ಬಿಡಬೇಕಾಯಿತು. ದಲಿತ ಸಾಹಿತ್ಯ, ದಲಿತ ಸಂಘರ್ಷ ಸಮಿತಿ ಎಲ್ಲ ಆ ಬಿಸಿಯಿಂದಲೇ ಕಾವು ಪಡೆದದ್ದು ಎಂದು ಇತಿಹಾಸದ ವಿದ್ಯಾರ್ಥಿಗಳು ಓದುತ್ತಾರೆ. ನನಗೆ ನೆನಪಿರುವುದು ಅಪ್ಪ. ಅವನು ಮೂರು ದಿನ ರಜ ಹಾಕಿ, ವರ್ಕ್‌ಶಾಪಿನ ನೀಲಿ ಬಟ್ಟೆಯಲ್ಲೇ ನನ್ನ ಜೊತೆ ಕಾಲೇಜಿನ ಗೇಟಿನವರೆಗೆ ನಡೆದು ಬಂದ. ಸಂಜೆ ಮತ್ತೆ ಬಂದು ನಿಂತಿರುತ್ತಿದ್ದ. ದಾರಿಯಲ್ಲಿ ಒಂದು ಮಾತಿಲ್ಲ. ಮೂರನೆಯ ದಿನ ಮಾತ್ರ, ‘ಪರೀಕ್ಷೆ ಯಾವಾಗವ್ವಾ?’ ಎಂದ.

ಪರೀಕ್ಷೆ ಪಾಸಾಯಿತು, ಬಿ.ಎಡ್. ಆಯಿತು, ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ ಆದೆ. 1980ರಲ್ಲಿ ಮದುವೆ. ಗಂಡ ಬ್ಯಾಂಕಿನಲ್ಲಿ ಗುಮಾಸ್ತರು. ಎರಡು ಸಂಬಳ; ಅಪ್ಪನ ಮನೆಯಲ್ಲಿ ಎಂಟು ಜನರ ನಡುವೆ ಇಬ್ಬರಿಗೆ ಮಲಗಲು ಜಾಗವಿಲ್ಲ. ಹೊಸ ಬಡಾವಣೆಯೊಂದರಲ್ಲಿ ಬಾಡಿಗೆ ಮನೆ ಹುಡುಕಲು ಹೊರಟೆವು. ಮೊದಲನೆಯ ಮನೆಯ ಒಡತಿ ಬಹಳ ಒಳ್ಳೆಯವರು. ಕಾಫಿ ಕೊಟ್ಟರು. ಮೇಡಂ ಎಂದು ತಿಳಿದು, ಮಗನಿಗೆ ಲೆಕ್ಕ ಹೇಳಿಕೊಡ್ತೀರಾ ಎಂದು ಕೇಳಿದರು. ಬಚ್ಚಲಿನ ಹಂಡೆ, ತುಳಸಿಕಟ್ಟೆ, ಹಿತ್ತಿಲಿನ ಕರಿಬೇವಿನ ಗಿಡ ಎಲ್ಲ ತೋರಿಸಿದರು. ಮುಂಗಡದ ಮಾತು ಮುಗಿದ ಮೇಲೆ, ಏಳುವ ಹೊತ್ತಿಗೆ, ‘ಈಗ ಎಲ್ಲಿದೀರಿ?’ ಎಂದರು.

‘ಅಶೋಕಪುರಂ.’

‘ಓ,’ ಎಂದರು. ಲೋಟ ಎತ್ತಿಕೊಳ್ಳಲು ಚಾಚಿದ ಕೈ ಹಿಂದಕ್ಕೆ ಹೋಯಿತು. ‘ನಮ್ಮ ಯಜಮಾನರನ್ನ ಒಂದು ಮಾತು ಕೇಳಿ ಹೇಳ್ತೀನಿ.’

‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ಆ ಗೇಟಿನಲ್ಲಿ ಇನ್ನೂ ಮೂರು ವಾರ ತೂಗುತ್ತಿತ್ತು. ನನ್ನ ಶಾಲೆಯ ದಾರಿಯೇ ಅದಾದ್ದರಿಂದ ದಿನಾ ನೋಡಬೇಕಾಯಿತು. ಎರಡನೆಯ ಮನೆಯವರು ಊಟದ ವಿಚಾರ ಎತ್ತಿದರು. ಮೂರನೆಯವರು ನೇರವಾಗಿ ಕೇಳಿದರು, ನೇರವಾಗಿಯೇ ಇಲ್ಲ ಎಂದರು. ಮೂವರಲ್ಲಿ ನಾನು ಮನ್ನಿಸುವುದಾದರೆ ಅವರನ್ನೇ. ಅಸ್ಪೃಶ್ಯತೆಯನ್ನು ಸಂವಿಧಾನ 1950ರಲ್ಲೇ ನಿಷೇಧಿಸಿದೆ, 1955ರಲ್ಲಿ ಅದಕ್ಕೊಂದು ಕಾಯಿದೆಯೂ ಬಂದಿದೆ. ಆದರೆ ‘ಯಜಮಾನರನ್ನ ಕೇಳಿ ಹೇಳ್ತೀನಿ’ ಎಂಬ ಮಾತಿಗೆ ಯಾವ ಕಾಯಿದೆಯ ಯಾವ ಕಲಂ ಹಚ್ಚುವುದು?

ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಉಪಾಯ ಹೇಳಿಕೊಟ್ಟರು. ‘ಶಾಲೆಯ ವಿಳಾಸ ಕೊಡಿ ಮೇಡಂ. ಊರು ಯಾವುದು ಅಂದ್ರೆ ನಂಜನಗೂಡು ಕಡೆ ಅನ್ನಿ. ಸುಳ್ಳೇನಲ್ಲವಲ್ಲ.’ ನನ್ನವರಿಗೆ ಅದು ಸರಿ ಎನ್ನಿಸಿತು. ಅವರು ಹೇಳಿದ್ದರಲ್ಲಿ ಅರ್ಥವಿತ್ತು: ಮನೆ ಬೇಕಾಗಿರುವುದು ನಮಗೆ, ಅವರ ಮನಸ್ಸು ತಿದ್ದುವ ಗುತ್ತಿಗೆ ನಾವು ಹಿಡಿದಿಲ್ಲ. ರಾತ್ರಿ ಊಟದ ಹೊತ್ತಿಗೆ ಈ ಮಾತು ಅಪ್ಪನ ಕಿವಿಗೆ ಬಿತ್ತು. ಅವನು ಮುದ್ದೆ ಮುರಿಯುತ್ತ, ‘ಹಂಗಾದ್ರೆ ನಾನು ನಿಮ್ಮನೆಗೆ ಬಂದಾಗ ಯಾರು ಅಂತ ಹೇಳ್ತೀ ಕೂಸೆ?’ ಎಂದು ಕೇಳಿದ. ಕೋಪದಿಂದಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ಯಾರೂ ಉತ್ತರ ಕೊಡಲಿಲ್ಲ. ಅವ್ವ ಸಾರು ಬಡಿಸಿದಳು.

ಮರುತಿಂಗಳು ಅಪ್ಪ ಪ್ರಾವಿಡೆಂಟ್ ಫಂಡಿನಲ್ಲಿ ಸಾಲ ಎತ್ತಿದ, ನನ್ನವರು ಬ್ಯಾಂಕಿನಲ್ಲಿ ಎತ್ತಿದರು. ಮಣ್ಣಿನ ಗೋಡೆ ಕೆಡವಿ ಇಟ್ಟಿಗೆಯಲ್ಲಿ ಕಟ್ಟಿ, ಆರ್.ಸಿ.ಸಿ. ಹಾಕಿ, ಮೇಲೊಂದು ಮಹಡಿ ಎತ್ತಿದೆವು. ತಾರಸಿಯ ಕಾಂಕ್ರೀಟು ಹಾಕಿದ ದಿನ ಚಿಕ್ಕಪ್ಪ ಕೂಲಿ ತೆಗೆದುಕೊಳ್ಳಲಿಲ್ಲ. ನಮ್ಮ ಬೀದಿಯಲ್ಲಿ ಎದ್ದ ಎರಡನೆಯ ಮಹಡಿ ಮನೆ ಅದು. ಮೊದಲನೆಯದು ರೈಲ್ವೆಯ ಒಬ್ಬ ಚಾರ್ಜ್‌ಮನ್ನರದು. ಆ ಹತ್ತು ವರ್ಷದಲ್ಲಿ ವರ್ಕ್‌ಶಾಪು, ರೇಷ್ಮೆ, ಬ್ಯಾಂಕು, ಶಾಲೆ, ಯಾವಯಾವುದರ ಸಂಬಳವೋ ಸೇರಿ ಬೀದಿಯ ನಾಡಹೆಂಚು ಒಂದೊಂದಾಗಿ ಮಾಯವಾಯಿತು. ಹಾಗಂತ ಎಲ್ಲರೂ ಇಲ್ಲೇ ಉಳಿದರೆಂದಲ್ಲ. ಕೆಲವರು ಶಾಲೆಯ ವಿಳಾಸ ಕೊಟ್ಟು ಹೋದರು, ಕೆಲವರು ಹೆಸರೇ ಬದಲಿಸಿಕೊಂಡು ಹೋದರು. ಅವರನ್ನು ನಾನು ಹಳಿಯುವುದಿಲ್ಲ. ಎಮ್ಮೆ ಕಟ್ಟುವ ಜಾಗದಲ್ಲಿ ಮಕ್ಕಳನ್ನು ಓದಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಮ್ಮ ನಂಟರ ಹುಡುಗಿಯೊಬ್ಬಳು ಮದುವೆಗೆ ಕರೆಯಲು ಬಂದು, ಕಾಗದವನ್ನು ಅಪ್ಪನ ಕೈಗೆ ಕೊಟ್ಟು, ‘ದೊಡ್ಡಪ್ಪಾ, ಛತ್ರದಲ್ಲಿ ಯಾರಾದ್ರೂ ಕೇಳಿದ್ರೆ...’ ಎಂದು ಅರ್ಧಕ್ಕೆ ನಿಲ್ಲಿಸಿದ್ದಳು. ಅಪ್ಪ ಆ ಮದುವೆಗೆ ಹೋಗಲಿಲ್ಲ, ಉಡುಗೊರೆ ಕಳಿಸಿದ.

ಇದೆಲ್ಲ ನಮ್ಮ ದೇಶದ ಕೊಳೆ, ಹೊರಗೆ ಹೀಗಿಲ್ಲ ಎಂದು ನಾನು ತುಂಬಾ ದಿನ ತಿಳಿದಿದ್ದೆ. 2013ರಲ್ಲಿ, ನಿವೃತ್ತಿಯಾದ ಮರುವರ್ಷ, ತಮ್ಮನ ಮಗ ಅಮೆರಿಕಕ್ಕೆ ಕರೆಸಿಕೊಂಡ. ಅವನಿರುವುದು ನ್ಯೂಜೆರ್ಸಿಯಲ್ಲಿ. ಒಂದು ದಿನ ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾ ರಾಜ್ಯದ ಲೆವಿಟ್‌ಟೌನ್ ಎಂಬ ಊರಿನ ನಡುವೆ ಕಾರಿನಲ್ಲಿ ಹೋಗುತ್ತಿದ್ದೆವು. ಬಾಗುವ ಬೀದಿ, ಹುಲ್ಲಿನ ಅಂಗಳ, ಒಂದು ಅಚ್ಚಿನಲ್ಲಿ ಹೊಯ್ದ ಹಾಗೆ ಮನೆಗಳು. ನಮ್ಮ ಬಡಾವಣೆಗಳ ದೊಡ್ಡಕ್ಕನಂತಿತ್ತು. ಅದರ ಕತೆ ಹುಡುಗನೇ ಹೇಳಿದ. ಆಮೇಲೆ ನಾನು ಅಲ್ಲಿಯ ಲೈಬ್ರರಿಯಲ್ಲಿ ಕೂತು ಓದಿಕೊಂಡೆ.

ಯುದ್ಧ ಮುಗಿದಾಗ ಅಮೆರಿಕದಲ್ಲಿ ಮರಳಿ ಬಂದ ಲಕ್ಷಾಂತರ ಸೈನಿಕರಿಗೆ ಮನೆಯಿರಲಿಲ್ಲ. ಸರ್ಕಾರ ಸಾಲಕ್ಕೆ ಜಾಮೀನು ನಿಂತಿತು. ವಿಲಿಯಂ ಲೆವಿಟ್ ಎಂಬ ಕಟ್ಟಡದ ವ್ಯಾಪಾರಿ 1947ರಲ್ಲಿ ನ್ಯೂಯಾರ್ಕ್ ಬಳಿಯ ಆಲೂಗೆಡ್ಡೆ ಹೊಲಗಳಲ್ಲಿ ಕಾರ್ಖಾನೆಯ ಕ್ರಮದಲ್ಲಿ ಮನೆ ಕಟ್ಟತೊಡಗಿದ. ಕಾರ್ಖಾನೆಯಲ್ಲಿ ಕಾರು ಮುಂದೆ ಮುಂದೆ ಚಲಿಸುತ್ತದೆ, ಕೆಲಸಗಾರ ನಿಂತಲ್ಲೇ ಇರುತ್ತಾನೆ. ಇಲ್ಲಿ ಮನೆ ನಿಂತಲ್ಲೇ, ಕೆಲಸಗಾರರ ತಂಡಗಳು ಮನೆಯಿಂದ ಮನೆಗೆ. ಬಣ್ಣ ಬಳಿಯುವವರು ಬರಿಯ ಬಣ್ಣ, ಹಲಗೆಯವರು ಬರಿಯ ಹಲಗೆ. ನಾಲ್ಕೈದು ವರ್ಷದಲ್ಲಿ ಅಲ್ಲಿ 17 ಸಾವಿರಕ್ಕೂ ಹೆಚ್ಚು ಮನೆ ಎದ್ದವು. ಫ್ರಿಜ್ಜು, ಬಟ್ಟೆ ಒಗೆಯುವ ಮೆಷೀನು, ಕಾರು. ಇವತ್ತು ನಮ್ಮ ಮಧ್ಯಮವರ್ಗ ಬದುಕುವ ಬದುಕಿನ ನಕ್ಷೆ ಬಹಳ ಮಟ್ಟಿಗೆ ಆ ಬೀದಿಗಳಲ್ಲಿ ಸಿದ್ಧವಾಯಿತು. ಆದರೆ ಲೆವಿಟ್ ಕರಿಯರಿಗೆ ಮನೆ ಮಾರುತ್ತಿರಲಿಲ್ಲ. ಮೊದಮೊದಲ ಕರಾರುಪತ್ರದಲ್ಲೇ ಹಾಗೆಂದು ಬರೆದಿತ್ತು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು 1948ರಲ್ಲಿ ಅವರ ಸುಪ್ರೀಂ ಕೋರ್ಟು ಹೇಳಿದ ಮೇಲೂ ಮಾರಲಿಲ್ಲ. 1957ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯಾದ ಈ ಲೆವಿಟ್‌ಟೌನಿನಲ್ಲಿ ಬಿಲ್ ಮತ್ತು ಡೇಸಿ ಮೈಯರ್ಸ್ ಎಂಬ ಕರಿಯ ದಂಪತಿ, ಹಿಂದಿನ ಮಾಲೀಕನಿಂದ ಮನೆ ಕೊಂಡು ಮಕ್ಕಳೊಂದಿಗೆ ಬಂದರು. ರಾತ್ರಿಗಳಲ್ಲಿ ನೂರಾರು ಜನ ಮನೆಯ ಮುಂದೆ ನೆರೆದು ಕೂಗಿದರು, ಕಲ್ಲು ತೂರಿ ಕಿಟಕಿ ಒಡೆದರು. ರಾಜ್ಯದ ಪೊಲೀಸರು ಬಂದು ಕಾವಲು ನಿಲ್ಲಬೇಕಾಯಿತು. ಬಿಲ್ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದವನು. ಡೇಸಿ ನನ್ನ ಹಾಗೆ ಮೇಡಂ. ಅವರು ಕೂಡಲೇ ಮನೆ ಬಿಟ್ಟು ಓಡಲಿಲ್ಲ. ನಾಲ್ಕು ವರ್ಷ ಅಲ್ಲೇ ಇದ್ದರು. ಒಳ್ಳೆಯ ನೆರೆಯವರೂ ಇದ್ದರು, ಅವರ ಪರವಾಗಿ ನಿಂತರು.

ನಮ್ಮಲ್ಲಿ ಯಾರೂ ಕಲ್ಲು ತೂರಲಿಲ್ಲ, ಕಾಫಿ ಕೊಟ್ಟರು. ಯಾವುದು ವಾಸಿ ಎಂದು ತಮ್ಮನ ಮಗ ಕಾರಿನಲ್ಲಿ ಕೇಳಿದ. ನನಗಂತೂ ಹೇಳಲಾಗಲಿಲ್ಲ. ಶಾಲೆಗಳಲ್ಲಿ ಉಪ್ಪಿಟ್ಟು ತಿನ್ನುವಾಗ ನಾವು ಕೃತಜ್ಞತೆಯಿಂದ ನೆನೆಯುತ್ತಿದ್ದ ದೇಶ, ಅದೇ ವರ್ಷಗಳಲ್ಲಿ ಇದನ್ನೂ ಮಾಡುತ್ತಿತ್ತು ಎಂಬುದು ಮಾತ್ರ ಬಹಳ ಹೊತ್ತು ತಲೆಯಲ್ಲಿ ಕೂತಿತ್ತು. ಆ ಉಪ್ಪಿಟ್ಟು ರುಚಿಯಾಗಿತ್ತು ಎನ್ನುವುದೂ ಸುಳ್ಳಲ್ಲ.

ಇರಲಿ, ಮೈಸೂರಿಗೆ ಬರೋಣ. 1988ರಲ್ಲಿ ಹಳೆಯ ವಿಶ್ವಸ್ತ ಮಂಡಲಿ ನಗರಾಭಿವೃದ್ಧಿ ಪ್ರಾಧಿಕಾರವಾಯಿತು. ಬಡಾವಣೆಗಳು ಇನ್ನೂ ಆಚೆ ಆಚೆ ಹೋದವು. ನನ್ನವರ ಹೆಸರಿಗೂ ದೂರದ ಒಂದು ಬಡಾವಣೆಯಲ್ಲಿ 30–40ರ ನಿವೇಶನ ಸಿಕ್ಕಿತು. ಒಂದು ವರ್ಷ ಮನೆಯಲ್ಲಿ ಅದೇ ಮಾತು: ಅಲ್ಲಿ ಕಟ್ಟುವುದೋ, ಇಲ್ಲೇ ಇರುವುದೋ. ಬಾಡಿಗೆಯ ಮನೆಯಲ್ಲವಲ್ಲ, ಸ್ವಂತದ್ದು, ಯಾರನ್ನೂ ಕೇಳಬೇಕಿಲ್ಲ ಎಂದು ಇವರು. ಕೇಳಬೇಕಿಲ್ಲ, ಆದರೆ ಒಂದು ಹಿಡಿ ಉಪ್ಪು ಬೇಕಾದರೆ ಯಾರ ಮನೆ ಬಾಗಿಲು ತಟ್ಟಲಿ ಎಂದು ಅವ್ವ. ಅಪ್ಪ ಆಗ ನಿವೃತ್ತನಾಗಿದ್ದ. ಬೆಳಿಗ್ಗೆ ವರ್ಕ್‌ಶಾಪು ಕೂಗಿದರೆ ಈಗಲೂ ಎದ್ದು ಕೂರುತ್ತಿದ್ದ. ಕೂಗು ಕೇಳದ ಕಡೆ ತನಗೆ ನಿದ್ದೆ ಬರುವುದಿಲ್ಲ, ಎಚ್ಚರವೂ ಆಗುವುದಿಲ್ಲ ಎಂದ. ಕಡೆಗೆ ಅಲ್ಲಿ ಕಟ್ಟಲಿಲ್ಲ. 2003ರಲ್ಲಿ ಮಗಳ ಎಂಜಿನಿಯರಿಂಗ್ ಓದಿಗೆ ಆ ನಿವೇಶನ ಮಾರಿದೆವು. ಇವತ್ತಿನ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ ಎಂದು ನನ್ನವರು ಆಗಾಗ ಲೆಕ್ಕ ಹಾಕುವುದುಂಟು. ಮಗಳ ಸಂಬಳವನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ ಎನ್ನುತ್ತೇನೆ.

ಅಪ್ಪ ಮೆರುಗು ಕೊಟ್ಟು ಹೊರಗೆ ಕಳಿಸುತ್ತಿದ್ದ ಮೀಟರ್ ಗೇಜಿನ ಬೋಗಿಗಳು ಈಗಿಲ್ಲ. ಬೆಂಗಳೂರಿನ ಹಳಿ 1993ರಲ್ಲಿ ಅಗಲವಾಯಿತು, ಚಾಮರಾಜನಗರದ ಹಳಿ ಮತ್ತೆ ಹದಿನೈದು ವರ್ಷ ಕಾಯಿತು. ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಹೆಬ್ಬಾಳದ ಕಡೆ ಕಂಪ್ಯೂಟರ್ ಕಂಪನಿಗಳು ಬಂದವು. ಅಲ್ಲಿ ತರಬೇತಿಗೆ ಬರುವ ಹುಡುಗ ಹುಡುಗಿಯರ ಭಾಷೆ ಆಟೋದವರಿಗೆ ಅರ್ಥವಾಗುವುದಿಲ್ಲ. 2011ರ ಗಣತಿಯಲ್ಲಿ ಮೈಸೂರು 9 ಲಕ್ಷ ದಾಟಿತ್ತು. ಊರಿನ ಹೊರಗೆ ಎನ್ನಿಸಿಕೊಂಡಿದ್ದ ಅಶೋಕಪುರಂ ಹಾಗೆಯೇ ಕೂತಿದ್ದರೂ ಊರೇ ದಾಟಿಕೊಂಡು ಹೋಗಿ, ಈಗ ನಾವು ನಡುಮಧ್ಯದಲ್ಲಿದ್ದೇವೆ. ಬೀದಿ ನಲ್ಲಿಯ ಕಟ್ಟೆಯ ಮೇಲೆ ಮೋಟಾರ್ ಬೈಕು ನಿಲ್ಲಿಸುತ್ತಾರೆ. ಎಲ್ಲರ ಮನೆಯಲ್ಲೂ ಸಂಪು, ಮೇಲೆ ಟ್ಯಾಂಕು. ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿಗೆ ಮಾತ್ರ ಹೊಸ ಬಡಾವಣೆಗಳಿಗೆ ಹೋದವರೂ ಬರುತ್ತಾರೆ. ಕಾರು ನಿಲ್ಲಿಸಲು ಜಾಗವಿಲ್ಲವೆಂದು ಗೊಣಗುತ್ತ, ಹಳೆಯ ಮನೆಗಳ ಜಗಲಿಯಲ್ಲಿ ಊಟ ಮಾಡಿ ಹೋಗುತ್ತಾರೆ.

ಅಪ್ಪ ಅವ್ವ ಹೋದ ಮೇಲೆ ಕೆಳಗಿನ ಮನೆಗೆ ನಾವು ಇಳಿದೆವು, ಮಹಡಿ ಖಾಲಿಯಾಯಿತು. ಮಾನಂದವಾಡಿ ರಸ್ತೆಯ ಎಂಜಿನಿಯರಿಂಗ್ ಕಾಲೇಜು ಹತ್ತಿರವಾದ್ದರಿಂದ ವಿದ್ಯಾರ್ಥಿಗಳು ಬಾಡಿಗೆಗೆ ಕೇಳಿಕೊಂಡು ಬರುತ್ತಾರೆ. ಹೋದ ವರ್ಷ ಉತ್ತರ ಕರ್ನಾಟಕದ ಕಡೆಯ ಒಬ್ಬ ಹುಡುಗ ತಂದೆಯ ಜೊತೆ ಬಂದ. ತಂದೆ ಕೊರಳಲ್ಲಿ ಲಿಂಗ ಕಟ್ಟಿದ ಹಿರಿಯರು, ಬೇಸಾಯದವರು. ಮಹಡಿ ಹತ್ತಿ ನೋಡಿದರು, ಕಿಟಕಿ ತೆಗೆದು ಗಾಳಿ ನೋಡಿದರು, ತಾರಸಿಯನ್ನು ಬೆರಳಗಂಟಿನಿಂದ ತಟ್ಟಿ, ‘ಗಟ್ಟಿ ಐತ್ರಿ’ ಎಂದರು. ಕೆಳಗೆ ಬಂದು ಕೂತಾಗ ನಾನು ಕಾಫಿ ತಂದೆ. ಅವರು ಒಂದು ಕ್ಷಣ ಲೋಟ ನೋಡಿದರು. ಆ ಒಂದು ಕ್ಷಣ ನನಗೆ ಚೆನ್ನಾಗಿ ಗೊತ್ತು. ಎಷ್ಟು ಉದ್ದವಿರುತ್ತದೆಂದು ಅಳೆದು ಹೇಳಬಲ್ಲೆ. ಹುಡುಗ ಆಗಲೇ ಅರ್ಧ ಕುಡಿದು ಮುಗಿಸಿದ್ದ. ತಂದೆ ಲೋಟ ಎತ್ತಿಕೊಂಡರು, ಕುಡಿದರು, ಸಕ್ಕರೆ ಸ್ವಲ್ಪ ಕಡಿಮೆಯಾಯಿತು ಎಂದರು. ತಂದುಕೊಟ್ಟೆ.

ಬಾಡಿಗೆ, ಮುಂಗಡ, ವಿದ್ಯುತ್ತಿನ ಬೇರೆ ಮೀಟರು ಎಲ್ಲ ಮಾತಾಯಿತು. ‘ನಮ್ಮವರನ್ನ ಕೇಳಿ ಹೇಳ್ತೀನಿ’ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ತಮಾಷೆಗೆ, ನುಂಗಿಕೊಂಡೆ. ರಾತ್ರಿ ಸಂಪಿನ ಮೋಟಾರು ಹಾಕಿದರೆ ಟ್ಯಾಂಕು ತುಂಬಿದ ಕೂಡಲೇ ಆರಿಸಬೇಕು, ನೀರು ಚೆಲ್ಲಿದರೆ ನಾನು ಸುಮ್ಮನಿರುವವಳಲ್ಲ ಎಂದೆ. ಹುಡುಗ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ ಎಂದ. ತಂದೆ ಜೇಬಿನಿಂದ ಪೆನ್ನು ತೆಗೆದು, ಮನೆಗೆ ಬುತ್ತಿ ಕಳಿಸಲು ಬೇಕು, ವಿಳಾಸ ಹೇಳ್ರಿ ಅಂದರು. ನಾನು ಹೇಳಿದೆ, ಅವರು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡರು. ‘ಅಶೋಕಪುರ’ ಎಂದು ಬರೆದಿದ್ದರು, ‘ಂ’ ಬಿಟ್ಟುಹೋಗಿತ್ತು. ಮೂವತ್ತೆರಡು ವರ್ಷ ಪಾಠ ಮಾಡಿದ ಅಭ್ಯಾಸ; ಪೆನ್ನು ಇಸಿದುಕೊಂಡು ಸೊನ್ನೆ ಸೇರಿಸಿ ಕೊಟ್ಟೆ.